ಬೋಳು ಕೊಂಬೆಗೆ ಮೂರು ಹೂ

ನವೆಂಬರ್ ಬಂತೆಂದರೆ ಜರ್ಮನಿಯ ಎರ್ಲಾಂಗೆನ್ನಿನ ಕನ್ನಡದವರಿಗೆಲ್ಲ ಅನಸೂಯಳ ನೆನಪಾಗುತ್ತದೆ. ಉಳಿದ ಹನ್ನೊಂದು ತಿಂಗಳು ಆಗುವುದಿಲ್ಲವೆಂದಲ್ಲ. ಆದರೆ ನವೆಂಬರಿನ ನೆನಪಿಗೆ ಒಂದು ತುರ್ತು ಇರುತ್ತದೆ. ಕ್ರಿಸ್ಮಸ್ಸಿಗೆ ಮುಂಚೆ ನಡೆಯುವ ಬಜಾರಿನಲ್ಲಿ ಕನ್ನಡ ಕೂಟದ್ದೂ ಒಂದು ಮೇಜು. ಅದರ ಮೇಲೆ ಚಕ್ಕುಲಿ, ಕೋಡುಬಳೆ, ಪಕ್ಕದಲ್ಲಿ ಅನಸೂಯ ಕೈಯಾರೆ ಮಾಡಿದ ಶುಭಾಶಯದ ಕಾರ್ಡುಗಳು. ಚಕ್ಕುಲಿ ಮಾಡುವವರು ವರ್ಷ ವರ್ಷ ಬದಲಾಗುತ್ತಾರೆ, ಕಾರ್ಡು ಮಾಡುವವಳು ಮಾತ್ರ ಹದಿನೆಂಟು ವರ್ಷದಿಂದ ಒಬ್ಬಳೇ.

"ಅನಸೂಯಕ್ಕ, ಈ ಸಲ ನೂರಿಪ್ಪತ್ತು ಸಾಕು," ಎಂದು ಕೂಟದ ಕಾರ್ಯದರ್ಶಿ ರವಿಶಂಕರ ಫೋನಿನಲ್ಲಿ ಹೇಳಿದ. "ನಿಮಗೆ ಕಷ್ಟ ಆಗೋದಾದ್ರೆ ನೂರೇ ಮಾಡಿ. ನೋ ಪ್ರೆಶರ್ ಅಕ್ಕ."

ಆಗುವುದಿಲ್ಲ ಎನ್ನಬೇಕೆಂದು ಅವಳು ಬಾಯಿ ತೆರೆದಳು. ಆಗುವುದಿಲ್ಲ ಎಂದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದಮೇಲೆ ಮನಸ್ಸೇ ಏಳುತ್ತಿಲ್ಲವೆಂದು ಹೇಳಬೇಕು, ಹೇಳಿದರೆ ಅಯ್ಯೋ ಎನ್ನುತ್ತಾನೆ, ಅಯ್ಯೋ ಎಂದವನ ಹೆಂಡತಿ ಸಂಜೆಗೆ ಬಿಸಿಬೇಳೆ ಬಾತಿನ ಡಬ್ಬಿ ಹಿಡಿದು ಮೂರು ಮಹಡಿ ಹತ್ತಿ ಬರುತ್ತಾಳೆ, ಬಂದವಳ ಎದುರು ಕೂತು ಅಳಬೇಕು. ಅಷ್ಟೆಲ್ಲ ನಡೆಸುವುದಕ್ಕಿಂತ ನೂರಿಪ್ಪತ್ತು ಕಾರ್ಡು ಮಾಡುವುದೇ ಹಗುರ. "ಆಗ್ಲಿ ಕಣಪ್ಪ," ಎಂದಳು.

ಅವಳ ಗಂಡ ಪ್ರಭಂಜನ ಹೋಗಿ ಹತ್ತು ತಿಂಗಳಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲಮನೆಯಲ್ಲೇ ಕುಸಿದ. ಹೃದಯ, ಎಂದರು ಡಾಕ್ಟರು. ಇಷ್ಟು ದಿನ ಏನೂ ಸೂಚನೆ ಇರಲಿಲ್ಲವೇ ಎಂದು ಕೇಳಿದರು. ಇರಲಿಲ್ಲ ಎಂದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ದಣಿವು ಮಾತ್ರ ಅವಳಿಗೆ ಜನವರಿಯಲ್ಲಿ ಬಂದದ್ದಲ್ಲ. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳ ಮುಂದೆ ನಿಂತು ನಿಂತು ಬಂದದ್ದು. ನಿವೃತ್ತಿಯಾದ ಮೇಲಾದರೂ ಹೋಗುತ್ತದೆ ಎಂದುಕೊಂಡಿದ್ದಳು. ಹೋಗಲಿಲ್ಲ. ಎದ್ದ ಕೂಡಲೇ ಸುಸ್ತು, ಕೂತರೆ ಸುಸ್ತು, ಕೂತಿದ್ದಕ್ಕೂ ಸುಸ್ತು.

ಆದರೂ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಕತ್ತರಿ, ಗೋಂದು, ಮಡಿಕೆ ಒತ್ತಲು ಒಂದು ಸ್ಟೀಲ್ ಚಮಚ ಇಟ್ಟುಕೊಂಡು ಕೂತಳು. ಅಂಗಡಿಯ ಕಾಗದ ಅವಳು ಎಂದೂ ಕೊಂಡವಳಲ್ಲ. ಕಪಾಟಿನಲ್ಲಿ ಚಾಕೊಲೇಟಿನ ಜರಿ ಕಾಗದವಿತ್ತು, ಹೋದ ವರ್ಷದ ಉಡುಗೊರೆ ಬಿಚ್ಚಿದ ಸುತ್ತುಹಾಳೆಯಿತ್ತು, ಚಹಾದ ಪೆಟ್ಟಿಗೆ, ರಿಬ್ಬನ್ನು, ಗುಂಡಿ, ಸೀರೆಯ ಫಾಲಿನ ತುಂಡುಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಲಗ್ನಪತ್ರಿಕೆಗಳು. ಮೈಸೂರಿನಿಂದ ಬಂದುಹೋಗುವವರು ಇಪ್ಪತ್ತೈದು ವರ್ಷ ತಂದುಕೊಟ್ಟ, ಮೂಲೆಗೆ ಅರಿಸಿನ ಹಚ್ಚಿದ, ಕೆಂಪು ಬಂಗಾರದ ದಪ್ಪ ಕಾಗದ. ಅದರಲ್ಲೊಂದು ಪೇಚಿತ್ತು. ಪ್ರತಿ ಪತ್ರಿಕೆಯ ಮೇಲೂ ಗಣಪತಿ ಕೂತಿರುತ್ತಾನೆ. ಅವನಿಗೆ ಕತ್ತರಿ ತಾಗಬಾರದು, ಅವನನ್ನು ಕಸಕ್ಕೂ ಹಾಕಬಾರದು. ಸುತ್ತಲಿನದನ್ನು ಕತ್ತರಿಸಿಕೊಂಡು ಅವನನ್ನು ಎತ್ತಿಡುತ್ತಾ ಬಂದು, ಈಗ ಒಂದು ಇಡೀ ಡ್ರಾಯರಿನ ತುಂಬ ಗಣಪತಿಗಳು ಮುಂದೇನು ಎಂದು ತಿಳಿಯದೆ ಕೂತಿದ್ದವು.

ಮೂವತ್ತೋ ನಲವತ್ತೋ ಕಾರ್ಡು ಆಗುವ ಹೊತ್ತಿಗೆ ಅವಳಿಗೆ ಒಂದು ಯೋಚನೆ ಬಂತು. ಹದಿನಾಲ್ಕನೇ ತಾರೀಕು ಫ್ರಾವ್ ಹೆರ್ಟ್‌ಲೈನಳ ಹುಟ್ಟುಹಬ್ಬ. ಈ ಸಲ ಎಪ್ಪತ್ತೈದು.

ಫ್ರಾವ್ ಹೆರ್ಟ್‌ಲೈನ್ ಅದೇ ಕಟ್ಟಡದ ಕೆಳಮನೆಯಾಕೆ. ಇಪ್ಪತ್ತೆರಡು ವರ್ಷದ ನೆರೆ. ಇಬ್ಬರೂ ಇನ್ನೂ ಬಹುವಚನದಲ್ಲೇ ಮಾತಾಡುತ್ತಿದ್ದರು. ಬಾಗಿಲ ಗಂಟೆಯ ಮೇಲಿದ್ದ ಹೆಸರನ್ನೇ ಹಿಡಿದು ಆಕೆ ಇವಳನ್ನು ಫ್ರಾವ್ ಪ್ರಭಂಜನ್, ಅಂದರೆ ಶ್ರೀಮತಿ ಪ್ರಭಂಜನ್, ಎಂದೇ ಕರೆಯುತ್ತಿದ್ದಳು. ಆದರೆ ಮಗಳು ಇಳಾಗೆ ಜ್ವರ ಬಂದಾಗ ಸೂಪು ಮಾಡಿ ತಂದವಳು ಆಕೆ, ಆಕೆಯ ಗಂಡ ತೀರಿಹೋದಾಗ ಹದಿನೈದು ದಿನ ಊಟ ಕೊಟ್ಟವಳು ಇವಳು. ಅಂಥಾಕೆ ಜನವರಿಯಿಂದೀಚೆಗೆ ಮುಖ ತಪ್ಪಿಸುತ್ತಿದ್ದಳು. ಮೆಟ್ಟಿಲಲ್ಲಿ ಎದುರಾದರೆ ಒಂದು ನಮಸ್ಕಾರ, ನೆಲ ನೋಡುವುದು, ಬಾಗಿಲು ಹಾಕಿಕೊಳ್ಳುವುದು.

ನಾನೇನು ತಪ್ಪು ಮಾಡಿದೆ ಎಂದು ಅನಸೂಯ ಎಷ್ಟೋ ದಿನ ತಲೆ ಕೆಡಿಸಿಕೊಂಡಳು. ಗಂಡ ಸತ್ತವಳ ಮುಖ ನೋಡಬಾರದೆಂಬ ಶಾಸ್ತ್ರ ಈ ಊರಿನಲ್ಲೂ ಇದೆಯೇ ಎಂದು ಒಮ್ಮೆ ಕಹಿಯಾಗಿ ನಕ್ಕಳು. ಮ್ಯೂನಿಕ್ಕಿನಲ್ಲಿ ಕೆಲಸದಲ್ಲಿದ್ದ ಇಳಾಗೆ ಫೋನಿನಲ್ಲಿ ಹೇಳಿದರೆ ಅವಳು, "ಅಮ್ಮಾ, ಜಸ್ಟ್ ಆಸ್ಕ್ ಹರ್," ಎಂದಳು. ಕೇಳುವುದಕ್ಕೂ ತ್ರಾಣ ಬೇಡವೇ? ಆದರೂ ಈ ಕಟ್ಟಡದಲ್ಲಿ ಪ್ರಭಂಜನ ನಗುವುದನ್ನು ಕೇಳಿದ್ದವಳು ಆಕೆಯೊಬ್ಬಳೇ. ಆಕೆಯೂ ಹೋದರೆ ಅನಸೂಯಳಿಗೆ ಇಲ್ಲಿ ಯಾರೂ ಉಳಿಯುವುದಿಲ್ಲ. ಹುಟ್ಟುಹಬ್ಬಕ್ಕೊಂದು ಕಾರ್ಡು ಹಾಕಿ ನೋಡೋಣ, ಅದಕ್ಕೂ ಬಾಗಿಲು ತೆರೆಯದಿದ್ದರೆ ಅಲ್ಲಿಗೆ ಮುಗಿಯಿತು ಎಂದು ನಿರ್ಧರಿಸಿದಳು.

ಒಳ್ಳೆಯ ಕಾಗದಕ್ಕಾಗಿ ಕಪಾಟು ಕೆದಕಿದಾಗ ಒಂದು ತುಂಡು ಕೈಗೆ ಬಂತು. ದಪ್ಪನೆಯ, ಒರಟು ಮೈಯ ಬಿಳಿ ಕಾಗದ. ಅದರ ಮೇಲೆ ಯಾರೋ ನೀರುಬಣ್ಣದಲ್ಲಿ ಒಂದು ಬೋಳು ಕೊಂಬೆ ಬರೆದಿದ್ದರು. ಎಲೆಯಿಲ್ಲ, ಮೊಗ್ಗಿಲ್ಲ. ಯಾವುದೋ ಹಳೆಯ ಕ್ಯಾಲೆಂಡರಿನದಿರಬೇಕು ಎಂದುಕೊಂಡಳು. ಹರಿದ ಅಂಚನ್ನು ಕತ್ತರಿಯಿಂದ ನೇರ ಮಾಡಿದಳು. ಎಪ್ಪತ್ತೈದು ತುಂಬಿದಾಕೆಗೆ ಬೋಳು ಕೊಂಬೆ ಕೊಡುವುದುಂಟೇ? ಲಗ್ನಪತ್ರಿಕೆಯ ಕೆಂಪು ಕಾಗದದಲ್ಲಿ ಮೂರು ಹೂ ಕತ್ತರಿಸಿ, ನಡುವೆ ಬಂಗಾರದ ಚುಕ್ಕೆ ಇಟ್ಟು, ಕೊಂಬೆಯ ಮೇಲೆ ಅಂಟಿಸಿದಳು. ಹತ್ತು ತಿಂಗಳಲ್ಲಿ ಕೈ ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ.

ಹದಿನಾಲ್ಕರ ಬೆಳಿಗ್ಗೆಯೇ ಹೋಗಿ ಕಾರ್ಡನ್ನು ಆಕೆಯ ಅಂಚೆಪೆಟ್ಟಿಗೆಗೆ ಹಾಕಿ ಬಂದಳು. ಹಿಂದಿನ ದಿನ ಹಾಕುವ ಹಾಗಿಲ್ಲ. ಹುಟ್ಟುಹಬ್ಬಕ್ಕೆ ಮುಂಚೆ ಶುಭ ಕೋರಿದರೆ ಇಲ್ಲಿಯವರಿಗೆ ಅಪಶಕುನ. ನಮ್ಮವರಿಗೇ ಇಲ್ಲದ ಭಯ ಇವರಿಗೆ.

ಮಧ್ಯಾಹ್ನ ಮೂರಕ್ಕೆ ಬಾಗಿಲ ಗಂಟೆ ಸದ್ದಾಯಿತು. ಬಾಗಿಲಲ್ಲಿ ಫ್ರಾವ್ ಹೆರ್ಟ್‌ಲೈನ್. ಮೂರು ಮಹಡಿ ಹತ್ತಿದ ಏದುಸಿರು, ಮೈಮೇಲೆ ಒಳ್ಳೆಯ ನೀಲಿ ಅಂಗಿ, ಕಣ್ಣು ಕೆಂಪು.

"ಕಾಫಿ ಆಗಿದೆ," ಎಂದಳು ಜರ್ಮನ್ನಿನಲ್ಲಿ. "ದಯವಿಟ್ಟು ಕೆಳಗೆ ಬನ್ನಿ."

ಕೆಳಮನೆಯ ಮೇಜಿನ ಮೇಲೆ ಎರಡೇ ತಟ್ಟೆ. ನಡುವೆ ಪ್ಲಮ್ ಹಣ್ಣಿನ ಕೇಕು, ಅದರ ಪಕ್ಕ ಹೂದಾನಿಗೆ ಒರಗಿಸಿಟ್ಟ ಕಾರ್ಡು. ಅನಸೂಯಳ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಷ್ಟೇ ತಾನೇ ಬೇಕಾಗಿದ್ದದ್ದು.

"ನಾನು ಹತ್ತು ತಿಂಗಳು ಕಾದೆ," ಎಂದಳು ಫ್ರಾವ್ ಹೆರ್ಟ್‌ಲೈನ್. "ಉತ್ತರ ಬರೋದಿಲ್ಲ ಅಂತಲೇ ತಿಳ್ಕೊಂಡಿದ್ದೆ. ಬೆಳಿಗ್ಗೆ ಕವರ್ ತೆಗೆದ್ರೆ ನನ್ನದೇ ಕೊಂಬೆ. ನಾನು ಬೋಳಾಗಿ ಬರೆದದ್ದಕ್ಕೆ ನೀವು ಹೂ ಹಚ್ಚಿದ್ದೀರಿ. ನನ್ನನ್ನ ಕ್ಷಮಿಸಿದ್ದಕ್ಕೆ ಥ್ಯಾಂಕ್ಸ್."

"ಪರವಾಗಿಲ್ಲ," ಎಂದಿತು ಅನಸೂಯಳ ಬಾಯಿ. ಈ ದೇಶದಲ್ಲಿ ಥ್ಯಾಂಕ್ಸ್ ಎಂದವರಿಗೆಲ್ಲ ಪರವಾಗಿಲ್ಲ ಎನ್ನುವುದು ಮೂವತ್ತು ವರ್ಷದ ಅಭ್ಯಾಸ. ಅಂದ ಮೇಲೆ ಕಾರ್ಡಿನ ಕಡೆ ನೋಡಿದಳು. ನನ್ನ ಕೊಂಬೆ ಎಂದಳಲ್ಲ? ಕ್ಷಮೆ ಯಾತಕ್ಕೆ?

ಆಮೇಲೆ ಎಲ್ಲ ಒಂದೊಂದಾಗಿ ನೆನಪಾಯಿತು. ಮೈಸೂರಿನ ಅವಳ ತವರಿನಲ್ಲಿ ಸಾವಿನ ಕಾಗದ ಬಂದರೆ ಹೊಸ್ತಿಲ ಹೊರಗೇ ನಿಂತು ಓದಿ, ಅಲ್ಲೇ ಹರಿದುಹಾಕುತ್ತಿದ್ದರು. ಒಳಗೆ ತರುವಂತಿಲ್ಲ. ಇಲ್ಲಿಯವರದು ಉಲ್ಟಾ. ಸತ್ತವರ ಮನೆಗೆ ಕೈಬರಹದ ಕಾರ್ಡು ಬರೆಯುತ್ತಾರೆ, ಮನೆಯವರು ಅದನ್ನು ಜೋಪಾನವಾಗಿ ಇಡುತ್ತಾರೆ, ಪ್ರತಿಯೊಬ್ಬರಿಗೂ ಉತ್ತರ ಬರೆಯುತ್ತಾರೆ. ಜನವರಿಯಲ್ಲಿ ಅಂಥವು ಮೂವತ್ತರ ಮೇಲೆ ಬಂದಿದ್ದವು. ಅನಸೂಯ ಕೆಳಗೆ ಅಂಚೆಪೆಟ್ಟಿಗೆಯ ಮುಂದೆಯೇ ನಿಂತು, ಕವರಿನ ಕಪ್ಪು ಅಂಚು ಕಂಡದ್ದನ್ನೆಲ್ಲ ಕವರಿನ ಸಮೇತ ನಾಲ್ಕು ಭಾಗ ಮಾಡಿ ಬಟ್ಟೆಯ ಚೀಲಕ್ಕೆ ತುಂಬಿದಳು. ಓದಿ ಹರಿಯಬೇಕೆಂಬುದು ಹಿರಿಯರ ಶಾಸ್ತ್ರ. ಓದದೆ ಹರಿದದ್ದು ಅವಳ ಸ್ವಂತದ ಸೇರ್ಪಡೆ. ಓದುವ ಶಕ್ತಿ ಇರಲಿಲ್ಲ. ಆ ಚೀಲವನ್ನು ಬಾಗಿಲ ಹೊರಗೆ ತೂಗುಹಾಕಿ, ಕಾಗದದ ಕಸಕ್ಕೆ ನಾಳೆ ಹಾಕೋಣವೆಂದು ಮಲಗಿದ್ದಳು. ಮಾರನೆಯ ದಿನ, ಅಪ್ಪನ ಸಾವಿಗೆ ಬಂದು ಉಳಿದಿದ್ದ ಇಳಾ, "ಅಮ್ಮಾ, ನಿನ್ನ ಸ್ಕ್ರ್ಯಾಪ್ಸ್ ನೀಟ್ ಮಾಡಿದೀನಿ. ಪಿಕ್ಚರ್ ಇರೋದೆಲ್ಲ ಕಪಾಟಲ್ಲಿದೆ, ಬರೆದಿರೋದೆಲ್ಲ ಎಸೆದೆ," ಎಂದಿದ್ದಳು. ಅಮ್ಮ ಕಾಗದ ಹರಿದಳೆಂದರೆ ಕಾರ್ಡಿಗೇ ಎಂಬುದು ಹುಡುಗಿಯ ಲೆಕ್ಕ. ಅನಸೂಯ ಹೂಂಗುಟ್ಟಿದ್ದಳು. ಏನು ಕೇಳಿದರೂ ಹೂಂ ಎನ್ನುತ್ತಿದ್ದ ದಿನಗಳು ಅವು.

ಈಗ ಸುಮ್ಮನೆ ಕೇಕು ತಿಂದು ಎದ್ದುಬಿಡಬಹುದಿತ್ತು. ಹೋದ ಸ್ನೇಹ ತಾನಾಗಿಯೇ ವಾಪಸ್ಸು ಬಂದಿದೆ, ಎದುರಿನ ಮುದುಕಿಯ ಮುಖದಲ್ಲಿ ನೆಮ್ಮದಿಯಿದೆ, ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತದೆ? ಆದರೆ ಓದದೆ ಹರಿದ ಆ ಕಾಗದದಲ್ಲಿ ಪ್ರಭಂಜನನ ವಿಷಯ ಏನೋ ಇದ್ದಿರಬೇಕು. ಅದನ್ನು ಬಿಟ್ಟು ಮೇಲೆ ಹೋಗಲು ಅವಳಿಂದ ಆಗಲಿಲ್ಲ.

"ಫ್ರಾವ್ ಹೆರ್ಟ್‌ಲೈನ್, ನಾನು ಅದನ್ನ ಓದಿಲ್ಲ," ಎಂದಳು. "ನಮ್ಮ ಕಡೆ ಸಾವಿನ ಕಾಗದ ಮನೆಯೊಳಗೆ ಇಡೋದಿಲ್ಲ. ಯಾರದು ಅಂತಲೂ ನೋಡದೆ ಎಲ್ಲಾ ಹರಿದುಬಿಟ್ಟೆ. ಈ ತುಂಡು ನಿಮ್ಮದು ಅಂತ ನನಗೆ ಗೊತ್ತಿರಲಿಲ್ಲ. ನೀವು ಚಿತ್ರ ಬರೀತೀರಿ ಅಂತಲೇ ಗೊತ್ತಿರಲಿಲ್ಲ."

ಫ್ರಾವ್ ಹೆರ್ಟ್‌ಲೈನ್ ಕೇಕಿನ ಚಾಕುವನ್ನು ಕೆಳಗಿಟ್ಟಳು. "ಹಾಗಾದ್ರೆ ನಿಮಗೆ ಏನೂ ಗೊತ್ತಿಲ್ಲ," ಎಂದಳು.

"ಇಲ್ಲ. ಹೇಳಿ."

"ಬರೆಯೋದು ಸುಲಭ ಇತ್ತು," ಎಂದಳು ಆಕೆ. ಆಮೇಲೆ ಹೇಳಿದಳು. ಪ್ರಭಂಜನ ಗುರುವಾರ ಗುರುವಾರ ಸಂತೆಯಿಂದ ತರಕಾರಿ ತರುತ್ತಿದ್ದ. ಸೆಪ್ಟೆಂಬರಿನ ಒಂದು ಗುರುವಾರ ಕೆಳಗಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತಿದ್ದವನನ್ನು ಆಕೆ ಒಳಗೆ ಕರೆದು ಕೂರಿಸಿದ್ದಳು. ಅದಾದ ಮೇಲೆ ಪ್ರತಿ ಗುರುವಾರ ಬಂದು ಅರ್ಧ ಗಂಟೆ ಕೂತು, ನೋವು ಇಳಿದ ಮೇಲೆ ಮೇಲೆ ಹತ್ತುತ್ತಿದ್ದ. ಡಾಕ್ಟರ ಹತ್ತಿರ ಹೋಗಿ ಎಂದರೆ ಹೊಸ ವರ್ಷ ಕಳೆಯಲಿ ಎನ್ನುತ್ತಿದ್ದ. ನಿಮ್ಮ ಹೆಂಡತಿಗೆ ನಾನೇ ಹೇಳುತ್ತೇನೆ ಎಂದಾಗ ಆಣೆ ಹಾಕಿಸಿಕೊಂಡಿದ್ದ.

"ನಾನು ಹೇಳಬೇಕಿತ್ತು," ಎಂದಳು ಫ್ರಾವ್ ಹೆರ್ಟ್‌ಲೈನ್. "ನಾಲ್ಕು ತಿಂಗಳು ಮೆಟ್ಟಿಲಲ್ಲಿ ನಿಮ್ಮನ್ನ ನೋಡ್ತಾ ಇದ್ದೆ. ಒಂದು ಮಾತು ಹೇಳಿದ್ರೆ ಸಾಕಿತ್ತು. ಆದರೆ ಅವರು ಅಂದ್ರು, ಅವಳು ತುಂಬ ದಣಿದಿದ್ದಾಳೆ, ಇದೊಂದನ್ನ ಅವಳ ತಲೆಗೆ ಹಾಕಬೇಡಿ ಅಂತ."

ಅನಸೂಯಳಿಗೆ ಮೊದಲು ಸಿಟ್ಟು ಬಂತು. ಎದ್ದು ತಟ್ಟೆ ಒಡೆಯಬೇಕೆನ್ನಿಸುವಷ್ಟು ಸಿಟ್ಟು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಅವನನ್ನು ಕೈಹಿಡಿದು ಎಳೆದುಕೊಂಡು ತನ್ನದೇ ಆಸ್ಪತ್ರೆಗೆ ಹೋಗುತ್ತಿರಲಿಲ್ಲವೇ? ಆಮೇಲೆ ಅದು ಸತ್ತವನ ಕಡೆ ತಿರುಗಿತು. ಅಲ್ಲಿಂದ ತಿರುಗಲು ಒಂದೇ ಕಡೆ ಉಳಿದಿತ್ತು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆ ಆಡುತ್ತಿದ್ದ ಮಾತೇ "ಸುಸ್ತು ಕಣ್ರೀ." ಮದುವೆಯಾದಾಗಿನಿಂದ ಅದೇ ಮಾತು. ಅದನ್ನು ದಿನಾ ಕೇಳಿದ ಗಂಡಸು ತನ್ನ ಎದೆನೋವನ್ನು ಯಾವ ಹೊತ್ತಿನಲ್ಲಿ ತೆಗೆಯಬೇಕಿತ್ತು?

"ಈಗ ಗೊತ್ತಾಯಿತಲ್ಲ," ಎಂದಳು ಫ್ರಾವ್ ಹೆರ್ಟ್‌ಲೈನ್. ಕಾರ್ಡನ್ನು ತೆಗೆದು ಇವಳ ಕಡೆ ಸರಿಸಿದಳು. "ಬೇಕಾದ್ರೆ ಇದನ್ನ ವಾಪಸ್ ತಗೊಳ್ಳಿ."

ಅನಸೂಯ ಅದನ್ನು ಮುಟ್ಟಲಿಲ್ಲ. "ಕ್ಷಮಿಸಿದೀನಿ ಅಂದ್ರೆ ಸುಳ್ಳಾಗುತ್ತೆ," ಎಂದಳು. "ಸಿಟ್ಟಿದೆ. ನಾಳೆನೂ ಇರುತ್ತೆ. ಅದು ಹಾಗಿರಲಿ. ಆ ಗುರುವಾರಗಳಲ್ಲಿ ಅವರು ನಿಮ್ಮ ಹತ್ತಿರ ಏನೇನು ಮಾತಾಡಿದ್ರು, ಅದನ್ನ ಹೇಳಿ. ಮೊದಲನೇ ಗುರುವಾರದಿಂದ. ಏನೂ ಬಿಡಬೇಡಿ."

ಫ್ರಾವ್ ಹೆರ್ಟ್‌ಲೈನ್ ಇಬ್ಬರಿಗೂ ಕಾಫಿ ಬಗ್ಗಿಸಿದಳು.

"ಮೊದಲನೇ ಗುರುವಾರ ಮಾತಾಡಲಿಲ್ಲ," ಎಂದಳು. "ಉಸಿರು ಸರಿಹೋಗೋದಕ್ಕೆ ಕಾದ್ರು, ಅಷ್ಟೆ. ಹೊರಡುವಾಗ ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡ್ರು. ಆಮೇಲೆ ಪ್ರತಿ ಸಲವೂ ಹಾಗೇ. ಬೆವರಿದ್ದು ನಿಮಗೆ ಕಾಣಬಾರದು ಅಂತ."

ಗುರುವಾರ ಅವನು ಮುಖ ಒದ್ದೆ ಮಾಡಿಕೊಂಡು ಬರುತ್ತಿದ್ದ. ಮಳೆನಾ ಎಂದು ಅವಳು ಸೋಫಾದಿಂದಲೇ ಕೇಳುತ್ತಿದ್ದಳು. ಹೂಂ ಎನ್ನುತ್ತಿದ್ದ. ಅಷ್ಟು ಗುರುವಾರಗಳಲ್ಲಿ ಒಂದು ದಿನವೂ ಅವಳು ಕಿಟಕಿಯ ಕಡೆ ತಿರುಗಿ ನೋಡಿರಲಿಲ್ಲ.