ಮೊದಲು ದೊಡ್ಡ ಬೀದಿ

“ಲೇ ಮಂಚ, ಕೈಗೆ ಲಕ್ವ ಹೊಡ್ದದೇನ್ಲಾ? ಜೋರಾಗ್ ಬಡಿಲಾ, ಬೋಳಿಮಗ್ನೆ!”

ಪಂಚಾಯ್ತಿ ಮೆಂಬರ್ ನಾಗಾರ್ಜುನ ಜಗಲಿಯ ಮೇಲಿಂದ ಕೂಗಿದ. ನನಗಿಂತ ಎರಡು ವರ್ಷ ಚಿಕ್ಕವನು. ಅರವತ್ತು ದಾಟಿದ ನಮ್ಮಪ್ಪ ಮಂಚಯ್ಯ “ಆಯ್ತು ಬುದ್ಧಿ” ಎಂದು ತಮಟೆ ಬಡಿದು ಸಾರಿದ:

“ಸೀರಂಗಪಟ್ಣ, ಪಾಂಡವಪುರ, ಕೇಯಾರ್‌ಪೇಟೆ, ನಾಗಮಂಗ್ಲ ಕಡೆ ಜೋರು ಮಳೆ ಬತ್ತದಂತೆ! ಗುಡುಗು ಸಿಡ್ಲು ಅದಂತೆ! ಕೆರೆ ಕೋಡಿ ಬೀಳ್ತದೆ, ತಗ್ಗಲ್ಲಿರೋರು ಇಸ್ಕೂಲು ಸೇರ್ಕಳ್ರಪ್ಪೋ!”

ದೊಡ್ಡ ಬೀದಿಯಲ್ಲಿ ತಗ್ಗಿನ ಮನೆ ಒಂದೂ ಇಲ್ಲ. ಸುದ್ದಿ ಅವರ ಮೊಬೈಲಿಗೆ ಹಿಂದಿನ ದಿನವೇ ಬಂದಿತ್ತು. ತಗ್ಗಿನಲ್ಲಿರುವುದು ನಮ್ಮ ಕೇರಿ, ಕೋಡಿ ಹಳ್ಳದ ದಡಕ್ಕೆ. ಆದರೂ ಸಾರುವುದು ಮೊದಲು ದೊಡ್ಡ ಬೀದಿ, ಆಮೇಲೆ ದೇವಸ್ಥಾನದ ಬೀದಿ, ಕಡೆಗೆ ಕೇರಿ. ತಾತನ ಕಾಲದಿಂದಲೂ ಹಾಗೆಯೇ.

“ಬುದ್ಧಿ, ಮೋಡ ಕಪ್ಗಾಯ್ತಾ ಅದೆ. ಕೇರಿಗೆ ಸಾರ್ಬುಟ್ಟು ಬಂದ್ಬುಡ್ತೀನಿ...”

“ನಿಮ್ಗಾದ್ ಮ್ಯಾಲೆ ನಮ್ಗಾ? ಮೊದ್ಲು ದೊಡ್ಡ ಬೀದಿ ಕಣ್ಲಾ!”

ಗಾರ್ಮೆಂಟ್ಸಿಗೆ ರಜೆ ಹಾಕಿದ್ದ ನಾನು ತಮಟೆ ಕಾಯಿಸಲು ಹುಲ್ಲು ಹಿಡಿದು ಅಪ್ಪನ ಜೊತೆಗಿದ್ದೆ. ಬಿಸಿ ತಾಗದೆ ಚರ್ಮ ನುಡಿಯುವುದಿಲ್ಲ. ಹೊರಡುವಾಗ ಅವ್ವ ಬೈರಮ್ಮ ಹೇಳಿದ್ದಳು, “ನಿಮ್ಮಪ್ಪನ್ ತಮಟೆ ಕೇಳ್ತಿದ್ದಂಗೆ ಕೋಳಿ ಇಡ್ಕಂಡು ಇಸ್ಕೂಲ್ಗೆ ಓಯ್ತೀನಿ, ಓಗವ್ವ.”

ದೇವಸ್ಥಾನದ ಬೀದಿಗೆ ಬರುವಷ್ಟರಲ್ಲಿ ಮಳೆ ಸುರಿಯಿತು. ತಮಟೆ ನೆನೆಯಿತು. ಪೂಜಾರಿಯ ಮನೆಯ ಸೂರಿನ ಕೆಳಗೆ ಕುಳಿತು ಹುಲ್ಲಿಗೆ ಕಡ್ಡಿ ಗೀರಿದೆ.

“ಏಯ್, ಚರ್ಮ ತಂದು ಇಲ್ಲಿ ಕಾಯಿಸ್ತೀಯಾ? ಥೂ, ಆಚೆ ಹೋಗು!” ಪೂಜಾರಿ ಒಂದು ಚೊಂಬು ನೀರು ಸುರಿದು ಬೆಂಕಿ ಆರಿಸಿದ.

ಕೇರಿಯ ತುದಿಯಲ್ಲಿ ಅಪ್ಪ ಬಡಿದ, ಬಡಿದ. ಒದ್ದೆ ಚರ್ಮ ಗೋಣಿಚೀಲ ಬಡಿದ ಹಾಗೆ ಸದ್ದು ಮಾಡಿತು. “ಬೈರೀ, ಎದ್ದೋಗೇ!” ಎಂದು ಕಿರುಚಿದ್ದೂ ಗುಡುಗಿನಲ್ಲಿ ಮುಳುಗಿತು. ಇಬ್ಬರೂ ಓಡಿದೆವು. ಇನ್ನು ನಾಲ್ಕು ಮನೆ ದಾಟಬೇಕು ಎನ್ನುವಾಗ ನಮ್ಮ ಮಣ್ಣಿನ ಗೋಡೆ ಕುಸಿಯಿತು.

ಮಣ್ಣು ಬಗೆದು ತೆಗೆದಾಗ ಕೋಳಿ ಅವ್ವನ ಕಂಕುಳಲ್ಲೇ ಇತ್ತು. ಹೊರಟು ನಿಂತು ತಮಟೆಗಾಗಿ ಕಾದಿದ್ದಾಳೆ. ಇದೊಂದನ್ನು ನನ್ನಿಂದ ಈಗಲೂ ತಡೆದುಕೊಳ್ಳಲು ಆಗುವುದಿಲ್ಲ.

ನಮ್ಮ ಹೆಣಗಳು ದೊಡ್ಡ ಬೀದಿ ತುಳಿಯುವಂತಿಲ್ಲ, ಹಳ್ಳದ ದಾರಿಯಲ್ಲೇ ಹೋಗಬೇಕು. ಮಾರನೆಯ ದಿನ ಹಳ್ಳದ ದಾರಿಯ ಮೇಲೆ ಎದೆಮಟ್ಟ ನೀರಿತ್ತು. ಮಳೆ ಬಿಟ್ಟಿತ್ತು. ಅಪ್ಪ ಕುಸಿದ ಸೂರಿನ ಅಡಿಯಿಂದ ಒಣಹುಲ್ಲು ಎಳೆದು ಬೆಂಕಿ ಹಾಕಿದ. ತಮಟೆಯನ್ನು ತಿರುಗಿಸಿ ತಿರುಗಿಸಿ ಕಾಯಿಸಿದ. ಆಮೇಲೆ ಅವ್ವನ ಚಟ್ಟದ ಮುಂದೆ ದೊಡ್ಡ ಬೀದಿಯ ಕಡೆ ನಡೆದ. ನಾನೂ ಕೇರಿಯವರೂ ಹೆಗಲು ಕೊಟ್ಟೆವು.

ಜಗಲಿಯಿಂದ ನಾಗಾರ್ಜುನ ಧುಮುಕಿದ. “ಲೇ, ಲೇ! ಎಲ್ಲಿಗ್ಲಾ ಹೆಣ ತತ್ತಾ ಇದ್ದೀಯ?”

“ಮೊದ್ಲು ದೊಡ್ಡ ಬೀದಿ ಅಂತ ನೀವೇ ಅಲ್ವಾ ಯೋಳಿದ್ದು?” ಎಂದ ಅಪ್ಪ. ಬುದ್ಧಿ ಎನ್ನಲಿಲ್ಲ.

ಬಡಿದ. ಆ ಸದ್ದು ಕೇರಿಯ ಕೊನೆಯ ಮನೆಗೂ ಕೇಳಿಸಿತಂತೆ.