ಇನ್ನೂರರ ಕೆಳಗೆ

ಕಲಬುರ್ಗಿಯ ದೊಡ್ಡ ದವಾಖಾನೆಯಲ್ಲಿ ಎಚ್‌ಐವಿ ಗುಳಿಗೆ ಪುಕ್ಕಟೆ ಕೊಡಲು ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಆ ಚೈತ್ರದಲ್ಲಿ ಚಿತ್ತಾಪುರದಿಂದ ಇಬ್ಬರು ಹೆಂಗಸರು ಒಂದೇ ರೈಲಿಗೆ ಹೋಗಿ ತಪಾಸಣೆಗೆ ರಕ್ತ ಕೊಟ್ಟು ಬಂದರು. ಒಬ್ಬಳು ಬಳೆ ಮಾರುವ ಸೈದಾನಬಿ; ಇನ್ನೊಬ್ಬಳು ಮದುವೆ ಮುಂಜಿಗಳಲ್ಲಿ ಅಡುಗೆ ಮಾಡುವ ಪದ್ಮಾಬಾಯಿ. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ. ಇಬ್ಬರ ಗಂಡಂದಿರೂ ಇದೇ ರೋಗವನ್ನು ಇವರಿಗೂ ಅಂಟಿಸಿ ಹೋದವರು. ಓಣಿಗೆ ಮಾತ್ರ ಸಕ್ಕರೆ ಕಾಯಿಲೆ ಎಂದು ಹೇಳಿದ್ದರು. ನಿಜ ತಿಳಿದರೆ ಪದ್ಮಾಬಾಯಿ ಬಡಿಸಿದ ಅನ್ನ ಯಾರು ಉಣ್ಣುತ್ತಿದ್ದರು?

ರೋಗದ ಸಂಗಡ ಕಾದಾಡುವ ಕಣ ರಕ್ತದಲ್ಲಿ ಎಷ್ಟಿವೆ ಎಂದು ಎಣಿಸಿ ಒಂದು ನಂಬರು ಹೇಳುತ್ತಿದ್ದರು. ಅದು ಇನ್ನೂರರ ಕೆಳಗೆ ಇಳಿದವರಿಗಷ್ಟೇ ಆಗಿನ ಕಾಲಕ್ಕೆ ಗುಳಿಗೆ. ಸೈದಾನಬಿಯದು ನೂರಾ ನಲವತ್ತು. ಪದ್ಮಾಬಾಯಿಯದು ನಾಲ್ಕುನೂರಾ ಇಪ್ಪತ್ತು.

"ನಿಮಗ ಇನ್ನೂ ಬೇಕಾಗಿಲ್ರಿ ಬಾಯಿ. ಆರು ತಿಂಗಳ ಬಿಟ್ಟು ಬರ್ರಿ," ಎಂದ ಅಲ್ಲಿ ತಿಳಿಹೇಳುವ ಕೆಲಸದ ರಘುವೀರ.

ಬೇಕಾಗಿಲ್ಲ. ಪದ್ಮಾಬಾಯಿಯ ಗಂಡನ ಕೊನೆಯ ದಿನಗಳಲ್ಲೂ ಡಾಕ್ಟರೊಬ್ಬರು ಇದೇ ಮಾತು ಅಂದಿದ್ದರು: ಇನ್ನು ಔಷಧ ಬೇಕಾಗಿಲ್ಲ, ಮನೆಗೆ ಒಯ್ಯಿರಿ. ಮಗಳು ಪ್ರಮಿತಾ ಇನ್ನೂ ಐದನೆಯ ಇಯತ್ತೆ. ಅವಳು ಒಂದು ದಡ ಮುಟ್ಟುವ ತನಕವಾದರೂ ಬದುಕಿರಬೇಕು. ಬದುಕು ಗುಳಿಗೆಯ ಬಿಳಿ ಡಬ್ಬಿಯಲ್ಲಿತ್ತು. ಡಬ್ಬಿ ಸೈದಾನಬಿಯ ಚೀಲದಲ್ಲಿತ್ತು.

ಮೂರು ತಿಂಗಳಲ್ಲಿ ಸೈದಾನಬಿಯ ಗಲ್ಲ ತುಂಬಿದವು. ಬಳೆಬುಟ್ಟಿ ಹೊತ್ತು ಕಾಳಗಿ ಸಂತೆಯ ತನಕ ಹೋಗಿಬರತೊಡಗಿದಳು. ಗುಳಿಗೆಯ ಹೊತ್ತು ತಪ್ಪಬಾರದೆಂದು ಅಲಾರಂ ಗಡಿಯಾರ ಕೊಂಡಳು. ಮುಂಜಾನೆ ಎಂಟಕ್ಕೆ ಗೋಡೆಯಾಚೆ ಅದು ಹೊಡೆದುಕೊಂಡರೆ ಈಚೆ ಪದ್ಮಾಬಾಯಿಯ ಲಟ್ಟಣಿಗೆ ನಿಲ್ಲುತ್ತಿತ್ತು. ಸೈದಾನಬಿ ತಿಂಗಳಿಗೊಮ್ಮೆ ದವಾಖಾನೆಗೆ ಹೋದರೆ ರಘುವೀರ ಹೆಸರು ಹಿಡಿದು ಕರೆದು, ಉಂಡಿರಾ, ನಿದ್ದೆ ಬಂತಾ ಎಂದು ಕೇಳುತ್ತಾನಂತೆ. ತನ್ನನ್ನು ಕೇಳುವವರು ಯಾರು?

ಒಂದು ದಿನ ಪದ್ಮಾಬಾಯಿ ತಡೆಯಲಾರದೆ ಬಾಯಿಬಿಟ್ಟಳು. "ಆಪಾ, ತಿಂಗಳಿಗಿ ಹತ್ತು ಗುಳಿಗಿ ನಂಗ ಕೊಡು."

"ಹುಚ್ಚಿ ಇದ್ದೀಯೇನು? ಡಬ್ಬಿ ಒಯ್ದಾಗ ಉಳದದ್ದು ಎಣಸ್ತಾರ. ಹೊತ್ತು ತಪ್ಪಿದ್ರ ಮುಂದ ಔಷಧನ ನಾಟಂಗಿಲ್ಲಂತ."

"ಡಜನ್ ಬಳಿಗಿ ಒಂದು ಕೊಸರ ಕೊಡಾಕಿ ನೀನು. ಇದಕ್ಕ ಕೈ ಬರವಲ್ದು."

"ಬಳಿ ಒಡದ್ರ ಮತ್ತೊಂದು ಬರ್ತದ, ಬಾಯಿ," ಎಂದು ಸೈದಾನಬಿ ಬುಟ್ಟಿ ಎತ್ತಿಕೊಂಡು ಹೋದಳು.

ಪದ್ಮಾಬಾಯಿ ತನ್ನದೇ ಲೆಕ್ಕ ಹಾಕಿದಳು. ಸೈದಾನಬಿ ಒಣಗಿ ಕಡ್ಡಿಯಾಗಿದ್ದಾಗಲ್ಲವೇ ನೂರಾ ನಲವತ್ತು ಬಂದದ್ದು? ಮೈ ಇಳಿದರೆ ನಂಬರೂ ಇಳಿಯುತ್ತದೆ. ಆಷಾಢದ ಏಕಾದಶಿಗೆ, ಚಾತುರ್ಮಾಸ್ಯದ ನಾಲ್ಕೂ ತಿಂಗಳು ಒಪ್ಪತ್ತು ಎಂದು ಸಂಕಲ್ಪ ಮಾಡಿದಳು. ವಿಧವೆಯ ವ್ರತವನ್ನು ಯಾಕೆಂದು ಕೇಳುವವರುಂಟೇ? ಒಪ್ಪತ್ತು ಹೋಗಿ ಅರ್ಧ ಹೊಟ್ಟೆಯಾಯಿತು, ಅರ್ಧ ಹೊಟ್ಟೆ ಹೋಗಿ ಒಂದು ಲೋಟ ಮಜ್ಜಿಗೆಯಾಯಿತು. ಎಂಥ ನಿಷ್ಠೆ ಎಂದು ಓಣಿಯ ಸೊಸೆಯಂದಿರು ಕಾಲು ಮುಟ್ಟಿದರು. ಅದು ಡಬ್ಬಿಗಾಗಿ ಹಿಡಿದ ವ್ರತ ಎಂಬುದು ದೇವರಿಗೆ ಮಾತ್ರ ಗೊತ್ತಿತ್ತು.

"ನೀ ಉಣ್ಣದಿದ್ರ ನಾನೂ ಒಲ್ಲೆ, ಅಮ್ಮಾ," ಎಂದು ಪ್ರಮಿತಾ ಒಮ್ಮೆ ತಾಟು ಸರಿಸಿದಳು. ನಿನಗಾಗಿಯೇ ಇದು ಎಂದು ಹೇಳಲು ಬಾರದೆ, ಮಗಳಿಗೆ ತುತ್ತು ಮಾಡಿ ತಿನ್ನಿಸಿ, ತಾನು ಕೈ ತೊಳೆದುಕೊಂಡಳು.

ವ್ರತ ಮುಗಿಯಲು ನಾಲ್ಕು ದಿನ ಇರುವಾಗ ಮತ್ತೆ ಇಬ್ಬರೂ ಕಲಬುರ್ಗಿಗೆ ಹೋದರು. ಪದ್ಮಾಬಾಯಿಯ ತೂಕ ಒಂಬತ್ತು ಕಿಲೋ ಇಳಿದಿತ್ತು. ರಘುವೀರನ ಮುಖ ಬಿಗಿಯಿತು. ಕೆಮ್ಮು ಇದೆಯೇ, ಬೆವರು ಬರುತ್ತದೆಯೇ ಎಂದು ಕೇಳಿ, ಕಫ, ಎಕ್ಸ್‌ರೇ ಎಲ್ಲ ಮಾಡಿಸಿದ. ತನ್ನ ಸುತ್ತ ಇಷ್ಟು ಜನ ಓಡಾಡಿದ್ದು ಅವಳಿಗೆ ಒಳಗೊಳಗೇ ಹಿತವಾಯಿತು. ಮಧ್ಯಾಹ್ನ ಚೀಟಿ ಬಂತು. ಟೀಬಿ ಇಲ್ಲ. ನಂಬರು ನಾಲ್ಕುನೂರಾ ಐದು.

"ಉಪವಾಸ ಹಿಡದೀರೇನ್ರಿ?" ಎಂದ ರಘುವೀರ ಮೆಲ್ಲಗೆ. "ತೂಕ ಬ್ಯಾರೆ, ಈ ನಂಬರ ಬ್ಯಾರೆ. ಹಸದು ಮೈ ಕೆಡಿಸ್ಕೊಂಡ್ರ ಇಲ್ಲದ ರೋಗ ಬಂದು ಅಂಟ್ಕೋತಾವ. ಗುಳಿಗಿ ಕೊಡಲಿಲ್ಲಂದ್ರ ಕೈ ಬಿಟ್ಟೀವಿ ಅಂತಲ್ರಿ. ನಿಮ್ಮ ಮೈ ಇನ್ನೂ ತಾನೇ ಕಾದಾಡಾಕತ್ತದ."

ಪದ್ಮಾಬಾಯಿ ಹೂಂ ಅಂದಳು. ಹೊಟ್ಟೆಯೊಳಗಿನ ಕಿಚ್ಚು ಹೂಂ ಅನ್ನಲಿಲ್ಲ.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಸೈದಾನಬಿ ಕೇಳಿದಳು. "ಎಷ್ಟ ಬಂತು?"

"ನಾಕುನೂರಾ ಐದು." ಅವಳ ಕಣ್ಣು ತುಂಬಿದ್ದವು.

"ಇಷ್ಟು ನುಂಗಿದ ಮ್ಯಾಲೂ ನಂದು ನೂರಾ ಎಂಬತ್ತು. ಕಾಲು ಉರೀತಾವ. ಕಣ್ಣು ಮುಚ್ಚಿದ್ರ ಕೆಟ್ಟ ಕನಸು. ನೀ ನಾಕುನೂರಾ ಐದು ಇಟ್ಕೊಂಡು ಅಳಾಕತ್ತೀ." ಅಷ್ಟಂದು ಸೈದಾನಬಿ ಮುಖವನ್ನು ಹಳಿಯ ಕಡೆ ತಿರುಗಿಸಿದಳು.

ತುಟಿ ಬಿಗಿದು ಕಣ್ಣು ಓರೆಯಾದ ಆ ಮುಖದ ಗುರುತು ಪದ್ಮಾಬಾಯಿಗೆ ಸಿಕ್ಕಿತು. ಆರು ತಿಂಗಳಿಂದ ತನ್ನ ಕನ್ನಡಿಯಲ್ಲಿ ಇದ್ದದ್ದು ಅದೇ. ತನ್ನನ್ನು ನೋಡಿ ಹೊಟ್ಟೆಕಿಚ್ಚು ಪಡುವವರೂ ಈ ಲೋಕದಲ್ಲಿ ಇದ್ದಾರೆ. ನಾಚಿಕೆಯಾಗಬೇಕಿತ್ತು, ಆಮೇಲೆ ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಹಸಿವಾಯಿತು, ಕರುಳು ಕಿತ್ತು ಬರುವಂಥ ಹಸಿವು.

ಚುರಮುರಿಯ ಸುಸಲಾ ಮಾರುವವನನ್ನು ಕರೆದು, ಕಾಗದದ ತುಂಬ ಹಾಕಿಸಿಕೊಂಡು, ಮೇಲೊಂದು ಕರಿದ ಮಿರ್ಚಿ ಇಡಿಸಿಕೊಂಡು, ಮಡಿ ಮೈಲಿಗೆ ಒಂದೂ ನೋಡದೆ ಗಬಗಬ ತಿಂದಳು.

"ವ್ರತ?" ಎಂದಳು ಸೈದಾನಬಿ, ತಿರುಗದೆಯೇ.

"ತೀರಿತು." ಕಾಗದವನ್ನು ಇಬ್ಬರ ನಡುವೆ ಸರಿಸಿ ಪದ್ಮಾಬಾಯಿ ಹೇಳಿದಳು. "ತಗೋ, ತಿನ್ನು. ಮಿರ್ಚಿ ಮಾತ್ರ ನಂಗಿರ್ಲಿ."