ಗಡಿ ದಾಟದ ನೋಟು

ಕಾರ್ತಿಕದ ಇಳಿಬಿಸಿಲಲ್ಲಿ ಮತ್ತೋಡಿನ ಹಟ್ಟಿ ಮುಂದೆ ಕುರಿ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಕುರಿಗಳನ್ನು ತಮ್ಮ ಜುಂಜಣ್ಣನಿಗೆ ಒಪ್ಪಿಸುವ ಮುಂಚೆ ಅದನ್ನು ಮುಗಿಸಬೇಕೆಂದು ಬೀರಪ್ಪ ಒಂದೊಂದನ್ನೇ ಕಾಲು ಕಟ್ಟಿ ಕೆಡವುತ್ತಿದ್ದ. ಹೆಂಡತಿ ಮಲ್ಲಕ್ಕ ಕರಿ ಉಣ್ಣೆ ಬಿಳಿ ಉಣ್ಣೆ ಬೇರೆ ಮಾಡಿ ಗೋಣಿಗೆ ತುಂಬುತ್ತಿದ್ದಳು. ಕೈ ಕೆಲಸದ ಮೇಲಿದ್ದರೂ ಜೀವ ಒಳಗೆ ಪೆಟ್ಟಿಗೆಯಲ್ಲಿಟ್ಟ ದುಡ್ಡಿನ ಮೇಲಿತ್ತು. ಸಂಜೆಗೆ ಯಾತ್ರೆಯ ಬಸ್ಸು; ಕಾಶಿ ಮುಗಿಸಿ ನೇಪಾಳದ ಪಶುಪತಿನಾಥನವರೆಗೆ. ಟಗರು ಕೊಂಡ ವ್ಯಾಪಾರಿ ಕೊಟ್ಟದ್ದೆಲ್ಲ ಐನೂರರ ನೋಟು.

ಯಾತ್ರೆ ಹೊರಡಿಸಿದ ಪ್ರಭುಲಿಂಗ ಬೆಳಿಗ್ಗೆ ಬಂದು ಮತ್ತೆ ಎಚ್ಚರಿಸಿ ಹೋಗಿದ್ದ. ಗಡಿಯವರೆಗಿನ ಖರ್ಚು ಅವನದು. ಆಚೆಗೆ ಜೀಪು, ಊಟ, ವಸತಿ ಎಲ್ಲಕ್ಕೂ ಕೈಯಲ್ಲಿ ದುಡ್ಡಿರಬೇಕು. ನೂರರ ನೋಟು ಅಲ್ಲಿ ನಡೆಯುತ್ತದೆ. ಐನೂರರದಕ್ಕೆ ನಿಷೇಧ; ಸಿಕ್ಕರೆ ಅಲ್ಲಿನ ಪೊಲೀಸರು ಕಿತ್ತುಕೊಂಡು ಠಾಣೆಯಲ್ಲಿ ಕೂರಿಸುತ್ತಾರೆ. ದಾರಿಯಲ್ಲಿ ಚಿಲ್ಲರೆಗೆಂದು ಬಸ್ಸು ನಿಲ್ಲಿಸುವುದಿಲ್ಲ, ಊರಲ್ಲೇ ಮಾಡಿಸಿಕೊಳ್ಳಿ ಎಂದಿದ್ದ. ಅವತ್ತು ಭಾನುವಾರ, ಬ್ಯಾಂಕಿಲ್ಲ. ಅಂಗಡಿಗಳಲ್ಲಿದ್ದ ನೂರರ ನೋಟನ್ನೆಲ್ಲ ಉಳಿದ ಯಾತ್ರಿಗಳು ಆಗಲೇ ಬಳಿದುಕೊಂಡು ಹೋಗಿದ್ದರು.

ಕಂಬಳಿ ಅಂಚಿನೊಳಗೆ ಹೊಲಿದುಬಿಡು, ಅದನ್ನು ಯಾವ ಪೊಲೀಸು ಮೂಸುತ್ತಾನೆ ಎಂದ ಬೀರಪ್ಪ. ಮಲ್ಲಕ್ಕ ಸೂಜಿ ಹಿಡಿದಳು. ಭಾಷೆ ಬಾರದ ಊರಲ್ಲಿ ಗಂಡನನ್ನು ಎಳೆದೊಯ್ದರೆ ತಾನು ಯಾರನ್ನು ಕೇಳುವುದು? ಸೂಜಿ ಇಟ್ಟು ಎದ್ದಳು.

ನೂರರ ನೋಟು ಉಳಿದಿದ್ದರೆ ಪಕ್ಕದ ಓಣಿಯ ಕೆಂಚಕ್ಕನ ಮನೆಯಲ್ಲಿ. ಈರುಳ್ಳಿ ಕೀಳುವ ಆಳುಗಳ ಬಟವಾಡೆಗೆಂದು ತರಿಸಿಟ್ಟಿದ್ದಳು. ಆದರೆ ಎರಡು ಮನೆಗೂ ಮಾತು ನಿಂತು ವರ್ಷಗಳಾಗಿದ್ದವು. ಬೀರಪ್ಪನ ಕುರಿ ಅವಳ ಶೇಂಗಾ ಹೊಲ ಮೇಯ್ದವೆಂದು ಊರವರು ಎರಡು ಸಾವಿರ ದಂಡ ಹಾಕಿದ್ದರು. ಅವು ತನ್ನ ಕುರಿಗಳೇ ಅಲ್ಲವೆಂದು ಅವನು ಕಟ್ಟಿರಲಿಲ್ಲ.

ಆದರೂ ಹೊಸ್ತಿಲಿಗೆ ಬಂದ ಮಲ್ಲಕ್ಕ ಹೇಳಿದ್ದನ್ನೆಲ್ಲ ಕೆಂಚಕ್ಕ ಕೇಳಿಸಿಕೊಂಡಳು.

"ಆಳುಗಳಿಗೆ ಏನಾರ ಹೇಳ್ಕಂತೀನಿ ಬಿಡು. ಆದ್ರೆ ಯಾತ್ರೆಗೆ ಹೊಂಟೋರು ಋಣ ತೀರ್ಸಿ, ತಪ್ಪಿದ್ರೆ ಒಪ್ಕಂಡು ಹೋಗ್ಬೇಕು. ನೀನಲ್ಲ, ಅವ್ನು ಬರ್ಲಿ."

ಮಲ್ಲಕ್ಕ ಹಿಂದಿರುಗುವಷ್ಟರಲ್ಲಿ ಬಸ್ಸು ಅರಳಿಕಟ್ಟೆಗೆ ಬಂದು ಹಾರನ್ ಹಾಕುತ್ತಿತ್ತು.

"ಅವಳ ಹೊಸ್ತಿಲಿಗೆ ಹೋಗೋ ಬದ್ಲು ಜೈಲಿಗೇ ಹೋಗ್ತೀನಿ" ಎಂದ ಬೀರಪ್ಪ.

"ಹಂಗಾರೆ ನೀನೊಬ್ನೇ ಹೋಗು. ಬಿಡಿಸ್ಕಂಬರಾಕೆ ನಾ ಬರಲ್ಲ."

ಅವಳು ಗಂಟು ಕೆಳಗಿಟ್ಟು ಕುಳಿತುಬಿಟ್ಟಳು. ಹಾರನ್ ಮತ್ತೆ ಕೂಗಿತು. ಬೀರಪ್ಪ ಕಂಬಳಿ ಹೆಗಲಿಗೆಸೆದು ಹೊರಟ. ಯಾವ ಕಡೆ ತಿರುಗುತ್ತಾನೋ ಎಂದು ನೋಡಿದಳು. ಕೆಂಚಕ್ಕನ ಓಣಿಗೆ ತಿರುಗಿದ. ಗಂಟೂ ಐನೂರರ ನೋಟೂ ಹಿಡಿದು ಹಿಂದೆಯೇ ಓಡಿದಳು.

ಹೊಸ್ತಿಲಾಚೆ ನಿಂತವನಿಗೆ ಕೆಂಚಕ್ಕ ಕೂರಲು ಹೇಳಲಿಲ್ಲ. ಅವನು ನೆಲ ನೋಡಿದ.

"ನಮ್ಮ ಕುರಿನೇ ಕಣಕ್ಕ. ಅವತ್ತು ಮರದಡಿ ನಿದ್ದೆ ಹೋಗಿದ್ದೆ."

ಮಲ್ಲಕ್ಕನಿಗೂ ಅದು ಹೊಸದು. ಕುರಿ ಕಾಯುವವನು ನಿದ್ದೆ ಹೋದೆ ಎಂದು ಒಪ್ಪಿಕೊಂಡರೆ ಹಟ್ಟಿಯಲ್ಲಿ ತಲೆ ಎತ್ತುವ ಹಾಗಿಲ್ಲ.

"ಇಷ್ಟು ಹೇಳಾಕೆ ಇಷ್ಟು ವರ್ಷ ಬೇಕಾಯ್ತೇನಪ್ಪ" ಎಂದಳು ಕೆಂಚಕ್ಕ. ಐನೂರರ ನೋಟು ತೆಗೆದುಕೊಂಡು ನೂರರವನ್ನು ಎಣಿಸಿದಳು. ಎರಡು ಸಾವಿರವನ್ನು ಒಂದು ರೂಪಾಯಿ ಬಿಡದೆ ಮುರಿದುಕೊಂಡಳು.

ಕಂತೆ ತೆಳ್ಳಗಾಯಿತು. ಆಚೆ ಊರಲ್ಲಿ ಒಂದು ಹೊತ್ತು ಉಪವಾಸ ಬಿದ್ದರೂ ಬಿದ್ದೀತು ಎಂದುಕೊಳ್ಳುತ್ತ ಮಲ್ಲಕ್ಕ ಅದನ್ನು ಸಂಚಿಗೆ ತುಂಬಿ ಸೊಂಟಕ್ಕೆ ಸಿಕ್ಕಿಸಿದಳು. ಬೀರಪ್ಪ ಆಗಲೇ ಬಸ್ಸಿನ ಕಡೆ ದಾಪುಗಾಲು ಹಾಕಿದ್ದ. ತಿರುಗಿ ನೋಡಲಿಲ್ಲ.